ಅಣಕು ವಂಚನೆ ಅಭ್ಯಾಸ: ಹಾಜರಾತಿ ಕಡ್ಡಾಯ

ಆ ವರ್ಷ ಕಾಲೇಜಿನ ಅಂತಿಮ ತರಗತಿಯ ನಾನೂರ ಹನ್ನೆರಡು ವಿದ್ಯಾರ್ಥಿಗಳೂ ಅಂತರ್ಜಾಲದ ಸಕಲ ಅಪಾಯಗಳಿಂದ ಸಂಪೂರ್ಣ ಸುರಕ್ಷಿತರಾಗಿದ್ದರು. ಆದ್ದರಿಂದ ಅವರಲ್ಲಿ ಒಬ್ಬರೂ ಪರೀಕ್ಷೆಗೆ ಹೆಸರು ನೋಂದಾಯಿಸಿರಲಿಲ್ಲ.

ಇದರ ಶ್ರೇಯಸ್ಸು ಪೂರ್ತಿಯಾಗಿ ಇತಿಹಾಸದ ಮೇಷ್ಟ್ರಿಗೆ ಸಲ್ಲಬೇಕು. ಮೇಷ್ಟ್ರೂ ಅದನ್ನು ನಿರಾಕರಿಸಿಲ್ಲ. ಶ್ರೇಯಸ್ಸು ನಿರಾಕರಿಸಲು ನಿಗದಿತ ನಮೂನೆ ಇಲ್ಲ.

ಅವರನ್ನು 'ಜಾಲ ಸುರಕ್ಷತಾ ಸಂಚಾಲಕ'ರನ್ನಾಗಿ ಆರಿಸಿದ್ದು ಅರ್ಹತೆಯ ಮೇಲೆಯೇ. ಮೇಲಿನಿಂದ ಬಂದ ಸುತ್ತೋಲೆಯಲ್ಲಿ 'ಸದರಿ ಕ್ಷೇತ್ರದಲ್ಲಿ ಅನುಭವವುಳ್ಳವರನ್ನು ನೇಮಿಸತಕ್ಕದ್ದು' ಎಂದಿತ್ತು. ಕಂಪ್ಯೂಟರ್ ವಿಭಾಗದ ಮೇಡಂಗೆ ಜ್ಞಾನವಿತ್ತೇ ಹೊರತು ಅನುಭವವಿರಲಿಲ್ಲ. ಅವರು ಜೀವನದಲ್ಲಿ ಒಮ್ಮೆಯೂ ಮೋಸಹೋಗಿರಲಿಲ್ಲ. ಮೇಷ್ಟ್ರು ಮಾತ್ರ ಹಿಂದಿನ ವರ್ಷವಷ್ಟೇ, 'ನೀವು ಶತಮಾನದ ಶ್ರೇಷ್ಠ ಇತಿಹಾಸಕಾರರಾಗಿ ಆಯ್ಕೆಯಾಗಿದ್ದೀರಿ' ಎಂಬ ಮಿಂಚಂಚೆಗೆ ಹದಿನೈದು ನಿಮಿಷದೊಳಗೆ ತಮ್ಮ ಪಾಸ್‌ವರ್ಡ್ ಬರೆದು ಕಳಿಸಿ, 'ಫೋಟೋ ಬೇಕಿದ್ದಲ್ಲಿ ಕೋಟು ಹಾಕಿದ್ದೂ ಇದೆ' ಎಂದು ಕೆಳಗೆ ಸೇರಿಸಿದ್ದರು. ಖಾತೆ ಕೈಗೆ ಸಿಕ್ಕ ಕಳ್ಳ ಮೇಷ್ಟ್ರ ಹೆಸರಿನಲ್ಲಿ ಅರವತ್ತಮೂರು ಸಹೋದ್ಯೋಗಿಗಳಿಗೆ, 'ಪರದೇಶದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದೇನೆ, ಉಟ್ಟ ಬಟ್ಟೆ ಬಿಟ್ಟರೆ ಏನೂ ಇಲ್ಲ, ಕೂಡಲೇ ನೆರವಾಗಿ' ಎಂದು ಬರೆದ. ಅರವತ್ತೆರಡು ಮಂದಿ ಉತ್ತರಿಸಲಿಲ್ಲ. ಪ್ರಾಂಶುಪಾಲರು ಮಾತ್ರ 'ರಜೆ ಅರ್ಜಿ ಎಲ್ಲಿ?' ಎಂದು ಕೇಳಿದರು. ಕಳ್ಳ ಬೇಸತ್ತು ಖಾತೆಯನ್ನು ಇದ್ದ ಹಾಗೇ ಬಿಟ್ಟುಹೋದನೆಂದು ನಂಬಲಾಗಿದೆ.

"ಸರ್, ನಾನು ಮೋಸಹೋದವನು" ಎಂದು ಮೇಷ್ಟ್ರು ಸಭೆಯಲ್ಲಿ ನೆನಪಿಸಿದರು.

"ಅದಕ್ಕೇ ನಿಮ್ಮನ್ನ ಹಾಕ್ತಿರೋದು" ಎಂದರು ಪ್ರಾಂಶುಪಾಲರು. "ಬಾವಿಗೆ ಬಿದ್ದವನಿಗೇ ಅಲ್ವೇನ್ರೀ ಆಳ ಗೊತ್ತಾಗೋದು? ದಡದ ಮೇಲೆ ನಿಂತೋರಿಗೆ ಏನು ಗೊತ್ತು?"

ದಡದ ಮೇಲೆ ನಿಂತಿದ್ದ ಕಂಪ್ಯೂಟರ್ ಮೇಡಂ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದರು. ಎಂಟು ದಿನ ಓದಿ ವಂಚನೆಯ ಸಂದೇಶಕ್ಕೆ ಏಳು ಲಕ್ಷಣಗಳಿರುತ್ತವೆಂದು ಕಂಡುಕೊಂಡು, 'ಸಪ್ತ ಲಕ್ಷಣ' ಎಂಬ ಭಿತ್ತಿಪತ್ರ ಮಾಡಿಸಿದರು. ಅವಸರಪಡಿಸುತ್ತದೆ, ಬೆದರಿಸುತ್ತದೆ, ಏನೋ ಉಚಿತ ಎನ್ನುತ್ತದೆ, ಲಿಂಕ್ ಒತ್ತು ಎನ್ನುತ್ತದೆ, ಹುಟ್ಟಿದ ದಿನಾಂಕದಿಂದ ಹಿಡಿದು ಓಟಿಪಿಯವರೆಗೆ ಗುಟ್ಟಿನ ವಿವರ ಕೇಳುತ್ತದೆ, ಕಳಿಸಿದವರ ವಿಳಾಸ ವಿಚಿತ್ರವಾಗಿರುತ್ತದೆ, ಬರವಣಿಗೆಯಲ್ಲಿ ತಪ್ಪುಗಳಿರುತ್ತವೆ. ಇದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ: 'ಇದು ನಿಜವೆಂದು ಯಾರಾದರೂ ಖುದ್ದಾಗಿ ಬಂದು ಹೇಳಿದಲ್ಲಿ ಅನುಮಾನವನ್ನು ಇಮ್ಮಡಿಗೊಳಿಸತಕ್ಕದ್ದು.' ಭಿತ್ತಿಪತ್ರವನ್ನು ತರಗತಿಗಳಲ್ಲಿ, ಮೆಟ್ಟಿಲುಗಳಲ್ಲಿ, ಶೌಚಾಲಯದ ಬಾಗಿಲುಗಳ ಒಳಬದಿಯಲ್ಲಿ ಅಂಟಿಸಲಾಯಿತು. ಕೊನೆಯ ಜಾಗದಲ್ಲಿ ಅದನ್ನು ಅತ್ಯಂತ ಗಮನವಿಟ್ಟು ಓದಲಾಯಿತು.

ಆದರೂ ಮೊದಲ ವಾರ ಬಂದ ದೂರುಗಳು ಹದಿನಾಲ್ಕೇ. ಆಗ ಮೇಷ್ಟ್ರಿಗೆ 'ಅನುಮಾನಾಂಕ' ಹೊಳೆಯಿತು. ಅನುಮಾನಾಸ್ಪದ ಸಂದೇಶವನ್ನು ನಮೂನೆ ಏಳರಲ್ಲಿ ವರದಿ ಮಾಡಿದರೆ ಒಂದು ಅಂಕ. ಮಾಡಿದ ಅನುಮಾನ ವಾಪಸು ಪಡೆದರೆ ಎರಡು ಅಂಕ ಕಡಿತ. ನಂಬಿಬಿಟ್ಟರೆ ಹತ್ತು ಕಡಿತ. ಇದನ್ನು ಆಂತರಿಕ ಅಂಕಗಳಿಗೆ ಸೇರಿಸಲಾಗುವುದೆಂದು ಪ್ರಕಟಿಸಿದ ವಾರ ಮೂರು ಸಾವಿರದ ಎಂಟುನೂರ ಆರು ವರದಿಗಳು ಬಂದವು. ವಿದ್ಯಾರ್ಥಿಗಳು ಗ್ರಂಥಾಲಯದ ಜ್ಞಾಪನೆಯನ್ನು ಅನುಮಾನಿಸಿದರು. ಹವಾಮಾನ ವರದಿಯನ್ನು ಅನುಮಾನಿಸಿದರು. ಪ್ರಾಂಶುಪಾಲರ ದಿನನಿತ್ಯದ ಶುಭೋದಯವನ್ನು ನೂರ ಎಂಬತ್ತು ಮಂದಿ ಅನುಮಾನಿಸಿದರು. ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿ ಕಳಿಸಿದ 'ಊಟ ಆಯ್ತಾ ಮಗಾ?' ಎಂಬುದನ್ನು 'ಖಾಸಗಿ ಮಾಹಿತಿ ಕೇಳುತ್ತಿದ್ದಾರೆ' ಎಂಬ ಕಾರಣ ನೀಡಿ ವರದಿ ಮಾಡಿದ. ಅದು ಅಜ್ಜಿಯೇ ಎಂದು ತನಿಖೆಯಲ್ಲಿ ದೃಢಪಟ್ಟರೂ, ಪ್ರೋತ್ಸಾಹದ ದೃಷ್ಟಿಯಿಂದ ಅಂಕ ಹಿಂಪಡೆಯಲಿಲ್ಲ.

ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವಳು ಮೇಷ್ಟ್ರ ಮಗಳು. ಭೂಗೋಳದ ಅಂತಿಮ ವರ್ಷ, ತೊಂಬತ್ತನಾಲ್ಕು ಅನುಮಾನಾಂಕ. ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಈ ವರ್ಷವೇ ಪಾಸಾಗಬೇಕು ಎಂಬುದೊಂದೇ ಷರತ್ತು. ಚಿಕ್ಕಂದಿನಲ್ಲಿ ಗೋಡೆಯ ಮೇಲೆಲ್ಲ ನದಿ ಗೀಚಿ ಏಟು ತಿಂದವಳು. ಆ ಕೆಲಸದ ಪತ್ರ ಬಂದಾಗ ಹದಿನೈದು ದಿನ ಅನುಮಾನಿಸಿ, ಹದಿನಾರನೆಯ ದಿನ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು.

ಮೇಷ್ಟ್ರು ಮನೆಯನ್ನೂ ಅಸುರಕ್ಷಿತವಾಗಿ ಬಿಟ್ಟಿರಲಿಲ್ಲ. ಈಗಿನ ಕಾಲದಲ್ಲಿ ಕಳ್ಳರು ನಮ್ಮವರ ದನಿಯನ್ನೇ ನಕಲು ಮಾಡುತ್ತಾರೆಂದು ಓದಿ, ಕುಟುಂಬಕ್ಕೊಂದು ಗುಪ್ತಪದ ರಚಿಸಿದ್ದರು. ತಮ್ಮದೇ ನಿಯಮದಂತೆ ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಅರ್ಥವೂ ಇರಲಿಲ್ಲ. ಹತ್ತು ಅಕ್ಷರ, ಎರಡು ಅಂಕಿ, ನಡುವೆ ಒಂದು ನಕ್ಷತ್ರ ಚಿಹ್ನೆ ಇತ್ತು. ನಕ್ಷತ್ರ ಬಂದಲ್ಲಿ ಚಪ್ಪಾಳೆ ತಟ್ಟಬೇಕೆಂದು ತೀರ್ಮಾನವಾಗಿತ್ತು. ಅದನ್ನು ಎಲ್ಲಿಯೂ ಬರೆದಿಡುವಂತಿರಲಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇಲ್ಲಿಯೂ ಮುದ್ರಿಸಿಲ್ಲ.

ಹೀಗೆ ಎಲ್ಲವೂ ಭದ್ರವಾಗಿದ್ದಾಗ ಪರೀಕ್ಷಾ ಮಂಡಳಿಯಿಂದ ಎಲ್ಲ ವಿದ್ಯಾರ್ಥಿಗಳ ಮೊಬೈಲಿಗೆ ಒಂದು ಸಂದೇಶ ಬಂತು:

'ಆತ್ಮಿಯ ವಿದ್ಯರ್ಥಿ, ನಿಮ್ಮ ಪರಿಕ್ಷೆ ನೊಂದಣಿ ಬಾಕಿ ಇರುತ್ತದೆ. ಈ ಕೂಡಲೆ ಕೆಳಗಿನ ಲಿಂಕ್ ಒತ್ತಿ ಹುಟ್ಟಿದ ದಿನಾಂಕ, ತಾಯಿಯ ಹೆಸರು, ಓಟಿಪಿ ನೀಡಿ. ಶನಿವಾರ ಸಂಜೆ ಐದರ ನಂತರ ನಿಮ್ಮ ಪ್ರವೆಶ ಶಾಶ್ವತವಾಗಿ ರದ್ದು!!! ಮೊದಲ ನೂರು ಮಂದಿಗೆ ಪೆನ್ನು ಉಚಿತ.'

ಕಳಿಸಿದವರ ಜಾಗದಲ್ಲಿ 'ಮಂಡಳಿ ಅಸಲಿ ೨' ಎಂದಿತ್ತು.

ನಾನೂರ ಹನ್ನೆರಡು ವರದಿಗಳು ಅರ್ಧ ಗಂಟೆಯಲ್ಲಿ ಮೇಷ್ಟ್ರ ಮೇಜಿನ ಮೇಲಿದ್ದವು. ಏಳಕ್ಕೆ ಏಳೂ ಲಕ್ಷಣಗಳಿರುವ ಸಂದೇಶ ಸಿಕ್ಕಿದ್ದು ಅದೇ ಮೊದಲು. ಮೇಷ್ಟ್ರಿಗೆ ರೋಮಾಂಚನವಾಯಿತು. ಮಾದರಿ ವಂಚನೆಯೆಂದು ಅದನ್ನು ದೊಡ್ಡದಾಗಿ ಮುದ್ರಿಸಿ ಸೂಚನಾ ಫಲಕಕ್ಕೆ ಹಾಕಿಸಿದರು. ಫಲಕದ ಮುಂದೆ ನಿಂತು ಕೋಟು ಹಾಕಿಕೊಂಡು ಫೋಟೋ ತೆಗೆಸಿಕೊಂಡರು.

ಗುರುವಾರ ಕಂಪ್ಯೂಟರ್ ಮೇಡಂ ಆ ಕಡೆ ಹಾದುಹೋಗುವಾಗ ಫಲಕ ನೋಡಿ ನಿಂತರು.

"ಸರ್, ಇದು ನಿಜವಾದದ್ದು."

"ಏನಂದ್ರಿ?"

"ಮಂಡಳಿಯವರದ್ದೇ. ಅವರು ಪ್ರತಿ ವರ್ಷ ಹೀಗೇ ಕಳಿಸೋದು. ಹೋದ ವರ್ಷ ಪೆನ್ನಿನ ಬದಲು ರಬ್ಬರು ಇತ್ತು."

ಮೇಷ್ಟ್ರು ಕೂಡಲೇ ಮಂಡಳಿಗೆ ಫೋನ್ ಮಾಡಿದರು. ಅತ್ತಲಿಂದ ಒಂದು ದನಿ, 'ನಿಮ್ಮ ಕರೆ ನಮಗೆ ಅಮೂಲ್ಯ. ಮುಂದುವರಿಯಲು ನಿಮ್ಮ ಮೊಬೈಲಿಗೆ ಬಂದ ಆರು ಅಂಕಿಗಳನ್ನು ಹೇಳಿ' ಎಂದಿತು. ಮೇಷ್ಟ್ರು ಅಭ್ಯಾಸಬಲದಿಂದ ಫೋನ್ ಕುಕ್ಕಿದರು. ಮತ್ತೆ ಮಾಡಿ, ಕಣ್ಣು ಮುಚ್ಚಿ ಅಂಕಿ ಹೇಳಿದರು. ಒಬ್ಬ ಅಧಿಕಾರಿ ಸಿಕ್ಕ.

"ಸ್ವಾಮಿ, ನಿಮ್ಮ ಸಂದೇಶ ಕಳ್ಳರ ಸಂದೇಶದ ಥರ ಇದೆ."

"ಕಳ್ಳರದ್ದು ನಮ್ಮ ಥರ ಇದೆ ಅನ್ನಿ. ನಾವು ಮೂವತ್ತು ವರ್ಷದಿಂದ ಹೀಗೇ ಬರೀತಿರೋದು."

"ಕೊನೇ ದಿನ ಒಂದು ವಾರ ಮುಂದೂಡಬಹುದಾ?"

"ಮುಂದೂಡೋಕೆ ಅವಕಾಶ ಇದೆ. ಅರ್ಜಿ ಕೊನೇ ದಿನ ಮುಗಿದ ಮೇಲೆ ತಗೋತೀವಿ."

ಮೇಷ್ಟ್ರು ತರಗತಿಯಿಂದ ತರಗತಿಗೆ ಓಡಿದರು. "ಮಕ್ಕಳೇ, ಆ ಸಂದೇಶ ನಿಜ! ನಾನೇ ಹೇಳ್ತಿದೀನಿ, ನಂಬಿ!"

ತರಗತಿ ಗೋಡೆಯ ಮೇಲಿದ್ದ ಕೆಂಪು ಅಕ್ಷರಗಳನ್ನು ನೋಡಿತು. ಹಿಂದಿನ ಬೆಂಚಿನಿಂದ, ಮಾತೆತ್ತಿದರೆ ಪಾಯಿಂಟು ಹಾಕುತ್ತಿದ್ದುದರಿಂದ 'ಪಾಯಿಂಟು' ಎಂದೇ ಹೆಸರಾದ ಹುಡುಗ ಎದ್ದು ನಿಂತ.

"ಸರ್, ಒಂದು ಪಾಯಿಂಟು. ಯಾರಾದ್ರೂ ಖುದ್ದಾಗಿ ಬಂದು ನಿಜ ಅಂದ್ರೆ ಏನು ಮಾಡ್ಬೇಕು?"

"ಅನುಮಾನ ಇಮ್ಮಡಿಗೊಳಿಸಬೇಕು. ಆದ್ರೆ..."

"ಇಮ್ಮಡಿ ಆಯ್ತು ಸರ್. ನಿಮ್ಮನ್ನ ವರದಿ ಮಾಡಿದ್ರೆ ಒಂದು ಅಂಕ ಕೊಡ್ತೀರೋ, ಎರಡೋ?"

ಎರಡು ಎಂದು ತೀರ್ಮಾನಿಸಲಾಯಿತು. ಆ ದಿನ ಮೇಷ್ಟ್ರ ವಿರುದ್ಧ ಮುನ್ನೂರ ತೊಂಬತ್ತು ವರದಿಗಳು ಬಂದವು. ನಿಯಮದ ಪ್ರಕಾರ ಅವುಗಳಿಗೆಲ್ಲ ಮೇಷ್ಟ್ರೇ ರುಜು ಹಾಕಿದರು.

ಸಂಜೆ ಸೋತು ಮನೆಗೆ ಬಂದು ಬಾಗಿಲು ತಟ್ಟಿದರು.

"ಯಾರು?" ಒಳಗಿನಿಂದ ಮಗಳ ದನಿ.

"ನಾನು ಕಣೇ."

"ನಾನು ಅಂದ್ರೆ? ಗುಪ್ತಪದ ಹೇಳಿ."

ಮೇಷ್ಟ್ರು ಬಾಯಿ ತೆರೆದರು. ಏನೂ ಬರಲಿಲ್ಲ. ಚಪ್ಪಾಳೆ ಒಂದು ನೆನಪಿತ್ತು, ಅದನ್ನು ತಟ್ಟಿದರು. ಮುಂದೆ ಹಿಂದೆ ಇದ್ದದ್ದೆಲ್ಲ ಅಳಿಸಿಹೋಗಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ, ಯಾರೋ ಬಾಗಿಲಿಗೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ಪರದೆ ಎಳೆದುಕೊಂಡರು.

"ಮರೆತೋಯ್ತು ಕಣಮ್ಮಾ!"

ಒಳಗೆ ತಾಯಿ ಮಗಳು ಗುಸುಗುಸು ಮಾತಾಡಿದರು. ಆಮೇಲೆ ಮೇಷ್ಟ್ರ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ತೆಗಿಯೇ ಬಾಗಿಲು. ಅವರೇ. ಕಳ್ಳನಾಗಿದ್ರೆ ಕಷ್ಟಪಟ್ಟು ಬಾಯಿಪಾಠ ಮಾಡ್ಕೊಂಡು ಬಂದಿರ್ತಿದ್ದ. ತಾನೇ ಮಾಡಿದ್ದನ್ನ ತಾನೇ ಮರೆಯೋ ಗಂಡಸು ಈ ಬೀದೀಲಿ ಇನ್ಯಾರಿದ್ದಾರೆ?"

ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ತಮ್ಮ ಬಗ್ಗೆ ಇಷ್ಟು ಖಚಿತವಾದ ಗುರುತಿನ ಪುರಾವೆ ಬೇರೆ ಸಿಕ್ಕಿರಲಿಲ್ಲವಾದ್ದರಿಂದ ಮೇಷ್ಟ್ರು ಬೇಸರಪಡದೆ ಒಳಗೆ ಬಂದರು. ಆದರೆ ಊಟಕ್ಕೆ ಕೂತಾಗ ಮಗಳು ಜಗ್ಗಲಿಲ್ಲ.

"ನೀವು ಅಪ್ಪ ಅನ್ನೋದು ಒಪ್ಪಿದೆ. ಆದ್ರೆ ನೀವು ಮೋಸಹೋಗಿಲ್ಲ ಅಂತ ಏನು ಗ್ಯಾರಂಟಿ? ನಿಮಗೆ ಅನುಭವ ಇದೆ."

ತಾನು ನೆಟ್ಟ ಮುಳ್ಳು ತನ್ನ ಕಾಲಿಗೇ ಎಂಬ ಮಾತು ಮೇಷ್ಟ್ರಿಗೆ ಗೊತ್ತಿತ್ತು. ಮುಳ್ಳು ಇಷ್ಟು ಚೆನ್ನಾಗಿ ಮಾತಾಡುತ್ತದೆಂದು ಗೊತ್ತಿರಲಿಲ್ಲ.

ಶುಕ್ರವಾರ ಉಪಾಯ ಹೇಳಿದವರು ಟಪಾಲು ವಿಭಾಗದ ಹಿರಿಯ ಗುಮಾಸ್ತರು. ಕೈಗೆ ಸಿಕ್ಕ ಕಾಗದಕ್ಕೆಲ್ಲ ಮೊಹರು ಒತ್ತುತ್ತಿದ್ದುದರಿಂದ ಅವರನ್ನು 'ಮೊಹರಪ್ಪ' ಎನ್ನುತ್ತಿದ್ದರು. ಸ್ವಂತ ಮಗನ ಮದುವೆಯ ಆಹ್ವಾನ ಪತ್ರಿಕೆಗೂ 'ಸ್ವೀಕರಿಸಲಾಗಿದೆ' ಎಂದು ಒತ್ತಿದ್ದವರು.

"ಸರ್, ಹೋದ ವರ್ಷದ ಬೆಂಕಿ ಅಭ್ಯಾಸ ನೆನಪಿದೆಯಾ?" ಎಂದರು ಮೊಹರಪ್ಪ. "ಗಂಟೆ ಹೊಡೆದ್ವಿ, ಎಲ್ಲಾ ಮೂರು ನಿಮಿಷದಲ್ಲಿ ಮೈದಾನಕ್ಕೆ ಬಂದ್ರು. ಮುಂದಿನ ತಿಂಗಳು ರಸಾಯನಶಾಸ್ತ್ರದ ಲ್ಯಾಬಿಗೆ ನಿಜವಾಗ್ಲೂ ಬೆಂಕಿ ಬಿತ್ತು. ಒಬ್ಬನಾದ್ರೂ ಎದ್ನಾ?"

"ಇಲ್ಲ. ಸುತ್ತೋಲೆ ಬಂದಿಲ್ಲ ಅಂತ ಕೂತಿದ್ರು."

"ಅಷ್ಟೇ ಸರ್. ನಿಜ ಅಂದ್ರೆ ಯಾರೂ ಅಲ್ಲಾಡಲ್ಲ. ಅಭ್ಯಾಸ ಅನ್ನಿ, ಹಾಜರಾತಿ ಇದೆ ಅನ್ನಿ, ಓಡ್ಕೊಂಡು ಬರ್ತಾರೆ."

ಮಧ್ಯಾಹ್ನವೇ ಪ್ರಕಟಣೆ ಹೊರಟಿತು, ಮೂರು ಮೊಹರುಗಳೊಂದಿಗೆ:

'ವಿದ್ಯಾರ್ಥಿಗಳಿಗೆ ಮೋಸಹೋಗುವುದರಲ್ಲಿ ಪ್ರಾಯೋಗಿಕ ತರಬೇತಿ ನೀಡುವ ಸಲುವಾಗಿ ಶನಿವಾರ ಮಧ್ಯಾಹ್ನ ಮೂರಕ್ಕೆ ಅಣಕು ವಂಚನೆ ಅಭ್ಯಾಸ ಏರ್ಪಡಿಸಲಾಗಿದೆ. ಈಗಾಗಲೇ ಬಂದಿರುವ ಮಾದರಿ ವಂಚನೆ ಸಂದೇಶದ ಲಿಂಕನ್ನು ಒತ್ತಿ, ಎಲ್ಲ ವಿವರಗಳನ್ನೂ ಪ್ರಾಮಾಣಿಕವಾಗಿ ತುಂಬಿ ಮೋಸಹೋಗತಕ್ಕದ್ದು. ಮೋಸಹೋದವರಿಗೆ ಹತ್ತು ಅಂಕ. ಮೋಸಹೋಗದವರು ಪೋಷಕರನ್ನು ಕರೆತರತಕ್ಕದ್ದು.'

ಶನಿವಾರ ಸಭಾಂಗಣ ತುಂಬಿತು. ಮೇಷ್ಟ್ರು ವೇದಿಕೆಯ ಮೇಲೆ ನಿಂತಿದ್ದರು. ಎಡಗೈಯ ಗಡಿಯಾರವನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು.

"ಸರ್, ಒಂದು ಪಾಯಿಂಟು. ನಿಜವಾದ ಹುಟ್ಟಿದ ದಿನಾಂಕ ಹಾಕ್ಬೇಕಾ?"

"ನಿಜವಾದದ್ದೇ. ಅಭ್ಯಾಸ ಸಹಜವಾಗಿರಬೇಕು."

"ಓಟಿಪಿ ಬಂತು ಸರ್. ಕೊಡಬಾರದು ಅಂತ ನೀವೇ ಹೇಳಿದ್ರಿ."

"ಕೊಡಬಾರದು. ಈಗ ಅಭ್ಯಾಸಕ್ಕೆ ಕೊಡು."

"ಕೊಟ್ಟೆ ಸರ್. 'ನಿಮ್ಮ ನೋಂದಣಿ ಪೂರ್ಣಗೊಂಡಿದೆ' ಅಂತ ಬಂತು." ಪಾಯಿಂಟು ಮೆಚ್ಚುಗೆಯಿಂದ ತಲೆದೂಗಿದ. "ಎಷ್ಟು ಚೆನ್ನಾಗಿ ನಂಬಿಸ್ತಾರೆ ಸರ್ ಕಳ್ಳರು!"

ನಾಲ್ಕೂವರೆಗೆ ನಾನೂರ ಹನ್ನೊಂದು ಮಂದಿ ಯಶಸ್ವಿಯಾಗಿ ಮೋಸಹೋಗಿದ್ದರು. ಒಬ್ಬಳು ಮಾತ್ರ ಮೊಬೈಲನ್ನು ಮಡಿಲಲ್ಲಿ ಅಂಗಾತ ಇಟ್ಟು, ಕೈಕಟ್ಟಿ ಕೂತಿದ್ದಳು. ಮೇಷ್ಟ್ರು ವೇದಿಕೆಯಿಂದ ಇಳಿದು ಹತ್ತಿರ ಹೋದರು. ಕಾಲೇಜಿನಲ್ಲಿ ಮಗಳು ಅವರನ್ನು ಸರ್ ಎನ್ನುತ್ತಿದ್ದಳು.

"ಯಾಕಮ್ಮಾ?"

"ಅಣಕು ಅಂತ ಹೇಳಿ ಅಸಲಿ ವಂಚನೆ ಮಾಡಬಹುದಲ್ವಾ ಸರ್? ನಾನು ಕಳ್ಳ ಆಗಿದ್ರೆ ಹಾಗೇ ಮಾಡ್ತಿದ್ದೆ."

ಇಷ್ಟು ಒಳ್ಳೆಯ ಉತ್ತರವನ್ನು ಮೇಷ್ಟ್ರು ತಮ್ಮ ವೃತ್ತಿಜೀವನದಲ್ಲಿ ಯಾವ ವಿದ್ಯಾರ್ಥಿಯಿಂದಲೂ ಕೇಳಿರಲಿಲ್ಲ. ಎದೆಯುಬ್ಬಿತು. ಆಮೇಲೆ ಗಡಿಯಾರ ನೋಡಿದರು, ಎದೆ ಇಳಿಯಿತು. ನಾಲ್ಕು ನಲವತ್ತಾರು.

"ನಕ್ಷೆ ಕಚೇರಿ ಕೆಲಸ ಹೋಗುತ್ತೆ ಕಣೇ."

"ಬೆದರಿಕೆ. ಎರಡನೇ ಲಕ್ಷಣ."

"ಇನ್ನು ಹದಿನಾಲ್ಕೇ ನಿಮಿಷ ಇದೆ!"

"ಅವಸರ. ಮೊದಲನೇ ಲಕ್ಷಣ."

"ಪಾಸಾದ್ರೆ ಗೋಡೆ ತುಂಬ ದೊಡ್ಡ ನಕ್ಷೆ ತಂದುಕೊಡ್ತೀನಿ."

"ಉಚಿತ. ಮೂರನೇದು." ಅವಳು ಮೊಬೈಲ್ ಕೈಗೆತ್ತಿಕೊಂಡು ಮತ್ತೆ ಮಡಿಲಲ್ಲಿಟ್ಟಳು. "ನನಗೂ ಪರೀಕ್ಷೆ ಬರೀಬೇಕು ಸರ್. ಆದ್ರೆ ಯಾವುದನ್ನ ನಂಬಲಿ? ನೀವು ಹೇಳಿಕೊಟ್ಟಿದ್ದನ್ನೋ, ನಿಮ್ಮನ್ನೋ?"

ಮೇಷ್ಟ್ರು ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದರು.

ಮಗಳು ಮೆಲ್ಲಗೆ ಕೇಳಿದಳು: "ಗುಪ್ತಪದ?"

ಮೇಷ್ಟ್ರು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಹಣೆ ಉಜ್ಜಿದರು. ಚಾವಣಿ ನೋಡಿದರು. ಕೊನೆಗೆ ಒಂದು ಚಪ್ಪಾಳೆ ತಟ್ಟಿ, ಕೈಗಳನ್ನು ಹಾಗೇ ಗಾಳಿಯಲ್ಲಿ ಬಿಟ್ಟು, "ಊಹೂಂ" ಎಂದರು.

ಮಗಳು ಅವರ ಮುಖವನ್ನು ನೋಡಿದಳು. ಅದು ನಕಲು ಮಾಡಲು ಯಾರಿಗೂ ಮನಸ್ಸಾಗದಂಥ ಮುಖವಾಗಿತ್ತು.

"ಅಪ್ಪಾ," ಎಂದಳು, ಕಾಲೇಜಿನೊಳಗೆ ಮೊದಲ ಬಾರಿಗೆ. ಲಿಂಕ್ ಒತ್ತಿದಳು. ನಾಲ್ಕು ಐವತ್ತೇಳಕ್ಕೆ ನೋಂದಣಿ ಪೂರ್ಣಗೊಂಡಿತು.

ಮುಂದಿನದ್ದು ಸುಸೂತ್ರ. ಅಣಕು ವಂಚನೆಯನ್ನು ಮಾದರಿ ಯೋಜನೆಯೆಂದು ಮೇಲಿನವರು ಮೆಚ್ಚಿಕೊಂಡರು. ಅಂದಿನಿಂದ ಕಾಲೇಜಿನ ಎಲ್ಲ ನಿಜವಾದ ಪ್ರಕಟಣೆಗಳನ್ನೂ ಅಣಕು ವಂಚನೆಯೆಂದೇ ಕ್ರಮಸಂಖ್ಯೆ ಹಾಕಿ ಕಳಿಸಲಾಗುತ್ತಿದೆ. ಪ್ರಾಂಶುಪಾಲರ ಶುಭೋದಯ ಈಗ ನೂರ ಹದಿನೇಳನೆಯದು. ಬಾಗಿಲ ಹಿಂದಿನಿಂದ ಹೆಂಡತಿ ಆಡಿದ್ದ ಮಾತನ್ನು ಮೇಷ್ಟ್ರು ಕಚೇರಿಗೆ ಹೊಂದಿಸಿ ಎಂಟನೆಯ ಲಕ್ಷಣವಾಗಿ ಭಿತ್ತಿಪತ್ರಕ್ಕೆ ಸೇರಿಸಿದರು: 'ಯಾವುದೇ ಕಾಗದ ತಪ್ಪಿಲ್ಲದೆ ಬಂದಲ್ಲಿ ಅದು ಕಚೇರಿಯದ್ದಾಗಿರಲಾರದು.'

ಪರೀಕ್ಷೆಯ ದಿನ ಇದು ಬಹಳ ಉಪಯೋಗಕ್ಕೆ ಬಂತು. ಮಗಳ ಪ್ರವೇಶಪತ್ರದಲ್ಲಿ ಹೆಸರಿನ ಒಂದಕ್ಷರ ಕಾಣೆಯಾಗಿತ್ತು, ನಮೂದಾಗಿದ್ದ ಹುಟ್ಟಿದ ವರ್ಷ ಇನ್ನೂ ಬಂದಿರಲಿಲ್ಲ, ಫೋಟೋದಲ್ಲಿ ಪಾಯಿಂಟು ನಗುತ್ತಿದ್ದ. ಕೊಠಡಿ ಮೇಲ್ವಿಚಾರಕರು ಕನ್ನಡಕ ಏರಿಸಿ ಅದನ್ನು ಮೇಲಿನಿಂದ ಕೆಳಗೆ ಪರಿಶೀಲಿಸಿದರು.

"ಎಲ್ಲಾ ತಪ್ಪಿದೆ" ಎಂದರು. "ಸರಿಯಾಗಿದೆ. ಹೋಗಿ ಕೂತ್ಕೊ."

ತನ್ನ ಹೆಸರನ್ನು ಪೆನ್ನಿನಿಂದ ತಿದ್ದಿಕೊಂಡು ಬಂದಿದ್ದ ಒಬ್ಬ ಹುಡುಗನನ್ನು ಮಾತ್ರ ಬಾಗಿಲಲ್ಲೇ ತಡೆದು, ಮತ್ತೆ ಮೊದಲಿನ ಹಾಗೆ ತಪ್ಪು ಮಾಡಿಸಿ ಒಳಗೆ ಬಿಡಲಾಯಿತು.

ಮೇಷ್ಟ್ರು ಗೇಟಿನ ಹೊರಗೆ ಮೂರು ಗಂಟೆ ಕಾದರು. ಎರಡೂವರೆ ಗಂಟೆ ಕಳೆದ ಹೊತ್ತಿಗೆ, ಎದುರಿನ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವುದನ್ನು ಸುಮ್ಮನೆ ನೋಡುತ್ತ ನಿಂತಿದ್ದಾಗ, ಯಾವ ಪ್ರಯತ್ನವೂ ಇಲ್ಲದೆ ಗುಪ್ತಪದ ಪೂರ್ತಿಯಾಗಿ ನೆನಪಾಯಿತು. ಅಷ್ಟು ಹಿಗ್ಗು ಅವರಿಗೆ ಬಹಳ ದಿನದಿಂದ ಆಗಿರಲಿಲ್ಲ. ಮಗಳು ನಗುತ್ತ ಹೊರಗೆ ಬಂದಳು.

"ಚೆನ್ನಾಗಿ ಬರೆದೆ ಅಪ್ಪ! ಜಾಲ ಸುರಕ್ಷತೆ ಪತ್ರಿಕೆಯಲ್ಲಿ ವಂಚನೆಯ ಲಕ್ಷಣ ಉದಾಹರಣೆ ಸಹಿತ ವಿವರಿಸಿ ಅಂತ ಕೇಳಿದ್ರು. 'ಲಗತ್ತಿಸಿರುವ ಪ್ರವೇಶಪತ್ರ ನೋಡಿ' ಅಂತ ಬರೆದೆ."

"ಮಗಳೇ, ಇಲ್ಲಿ ಕೇಳು" ಎಂದು ಮೇಷ್ಟ್ರು ನೆಟ್ಟಗೆ ನಿಂತು, ಒಂದಕ್ಷರ ಬಿಡದೆ, ಎರಡೂ ಅಂಕಿಗಳ ಸಮೇತ, ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟಿ ಗುಪ್ತಪದ ಹೇಳಿದರು.

ಮಗಳ ನಗು ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಮೊಬೈಲ್ ತೆಗೆದಳು.

"ಅಮ್ಮಾ, ಇಲ್ಲಿ ಯಾರೋ ಥೇಟ್ ಅಪ್ಪನ ಥರ ಇದ್ದಾರೆ. ಗುಪ್ತಪದ ಸರಿಯಾಗಿ ಹೇಳ್ತಿದ್ದಾರೆ."

"ಪೂರ್ತಿ ಸರಿಯಾಗಿ?"

"ಚಪ್ಪಾಳೆ ಸಮೇತ."

"ಹತ್ತಿರ ಹೋಗಬೇಡ. ನೇರ ಮನೆಗೆ ಬಾ."

ಮೇಷ್ಟ್ರು ಮಗಳ ಎಚ್ಚರಿಕೆಯನ್ನು ಮನಸ್ಸಿನಲ್ಲೇ ಮೆಚ್ಚಿ, ಐದು ಅಂಕ ಸೇರಿಸಬೇಕೆಂದುಕೊಂಡು, ನಿಯಮದಂತೆ ಅವಳಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆದರು. ದಾರಿಯುದ್ದಕ್ಕೂ ಗುಪ್ತಪದವನ್ನು ಮರೆಯಲು ಪ್ರಯತ್ನಿಸಿದರು. ಸಹಜ ಪ್ರತಿಭೆಯಿದ್ದುದರಿಂದ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅರ್ಧ ಹೋಯಿತು. ಮನೆಯ ಮೆಟ್ಟಿಲು ಹತ್ತುವಾಗ ಚಪ್ಪಾಳೆಯೊಂದೇ ಉಳಿದಿತ್ತು.

ಬಾಗಿಲು ತಟ್ಟಿದರು.

"ಗುಪ್ತಪದ?"

"ಮರೆತೋಯ್ತು" ಎಂದರು ಮೇಷ್ಟ್ರು.

ಬಾಗಿಲು ತೆರೆಯಿತು.